ಅರ್ಜಿ ತುಂಬುವ ಕೈ ಯಾರದು?



ಈ ಬಾರಿಯ ಸಂಪಾದಕೀಯಕ್ಕೆ ಬೇರೆಯೇ ವಿಷಯ ಇಟ್ಟುಕೊಂಡಿದ್ದೆ. ಎರಡು ತಿಂಗಳ ಹಿಂದೆ ತುಮಕೂರಿನ ನನ್ನ ಅಕ್ಕನ ಮನೆಯಲ್ಲಿ ಕಳೆದ ಒಂದು ಭಾನುವಾರ ಅದನ್ನು ಪಕ್ಕಕ್ಕಿಡುವಂತೆ ಮಾಡಿತು.

ಅಕ್ಕನ ಮಗಳ ಮದುವೆ ಮುಗಿದು ಆಗಿನ್ನೂ ಐದು ವಾರ. ಬಾಗಿಲ ತೋರಣ ಒಣಗಿ ನೇತಾಡುತ್ತಿತ್ತು. ಹುಡುಗ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುವವನು. ಮೂರು ವಾರ ರಜೆ ಹಾಕಿ ಬಂದು, ಮದುವೆ ಮಾಡಿಕೊಂಡು, ನೋಂದಣಿ ಮುಗಿಸಿ ವಾಪಸು ಹೋಗಿದ್ದ. ಇನ್ನು ಅವನ ಹಿಂದೆ ಇವಳು ಹೋಗಬೇಕು. ಅಂಥವನ ಹೆಂಡತಿಗೆ ಸಿಗುವುದು ಎಚ್-4 ಎಂಬ ವೀಸಾ. ಅದರ ಅರ್ಜಿ ತುಂಬಲು ಅಕ್ಕ ನನ್ನನ್ನು ಕರೆಸಿದ್ದಳು. ‘ನೀನು ದಿನಾ ಇಂಥ ಕಾಗದ ಪತ್ರ ನೋಡೋಳು, ಒಂದು ಗಂಟೆ ಬಂದು ಕೂತ್ಕೊಂಡು ಹೋಗೆ’ ಎಂದಿದ್ದಳು. ನಮ್ಮ ಕಚೇರಿಗೆ ಬರುವ ಕಾಗದಗಳು ಎಂಥವೆಂದು ಅವಳಿಗೆ ಗೊತ್ತು. ಆದರೂ ಆ ಕಾಗದಕ್ಕೂ ತನ್ನ ಮನೆಯ ಕಾಗದಕ್ಕೂ ಸಂಬಂಧವಿದೆ ಎಂದು ಅವಳು ಎಣಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಎಣಿಸಿರಲಿಲ್ಲ.

ಆ ಅರ್ಜಿಯ ಹೆಸರು ಡಿಎಸ್-160. ಕಂಪ್ಯೂಟರಿನಲ್ಲಿ ಒಂದೊಂದೇ ಪುಟ ತೆರೆದುಕೊಳ್ಳುತ್ತ ಹೋಗುತ್ತದೆ. ಹುಡುಗಿ ನನ್ನ ಪಕ್ಕ ಕೂತಿದ್ದಳು. ಅಳಿಯಂದಿರು ಫೋನಿನಲ್ಲಿದ್ದರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನನ್ನು ಟೀಪಾಯಿಯ ಮೇಲೆ ಇಟ್ಟಿತ್ತು. ಪ್ರಶ್ನೆ ಇವಳಿಗೆ, ಉತ್ತರ ಫೋನಿನಿಂದ. ಇ-ಮೇಲ್ ವಿಳಾಸ ಕೇಳುವ ಜಾಗ ಬಂದಾಗ ಇವಳು ತನ್ನದನ್ನು ಹೇಳಲು ಬಾಯಿ ತೆರೆದಳು. ‘ಬೇಡ ಆಂಟಿ, ನಂದೇ ಹಾಕಿಬಿಡಿ, ಅವಳು ಸರಿಯಾಗಿ ಮೇಲ್ ನೋಡೋದಿಲ್ಲ’ ಎಂದಿತು ಫೋನು. ಹುಡುಗಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು. ದಿನಕ್ಕೆ ನೂರು ಮೇಲ್ ನೋಡಿ ಸಂಬಳ ಎಣಿಸಿದವಳು. ಅವಳು ನಕ್ಕು ಸುಮ್ಮನಾದಳು. ನಾನೂ ಅವನದನ್ನೇ ಟೈಪು ಮಾಡಿದೆ.

ಆಮೇಲೆ ಆ ಪ್ರಶ್ನೆ ಬಂತು: ನಿಮ್ಮ ಪ್ರಯಾಣದ ವೆಚ್ಚ ಭರಿಸುವವರು ಯಾರು? ‘ಹಸ್ಬೆಂಡ್ ಅಂತ ಹಾಕಿ’ ಎಂದಿತು ಫೋನು. ಭಾವ ಎದ್ದು ಹಿತ್ತಿಲ ಕಡೆ ಹೋದರು. ಅಕ್ಕ ಸೆರಗಿನ ತುದಿ ನೋಡುತ್ತ ಕೂತಳು. ಹುಡುಗಿ ಬಹಳ ಮೆಲ್ಲಗೆ, ಫೋನಿಗೆ ಕೇಳದ ಹಾಗೆ, ‘ಚಿಕ್ಕಮ್ಮ, ದುಡ್ಡು ಅಪ್ಪ ಕೊಟ್ಟಿದ್ದಾರೆ’ ಎಂದಳು.

ನಾಲ್ಕು ಲಕ್ಷ. ವೀಸಾ ಖರ್ಚು, ವಕೀಲರ ಖರ್ಚು, ಟಿಕೆಟ್ಟು, ಅಲ್ಲಿ ಹೊಸ ಮನೆಗೆ ಮುಂಗಡ ಎಂದು ಬೀಗರು ಕೇಳಿದ್ದರಂತೆ. ‘ನಮಗೆ ವರದಕ್ಷಿಣೆ ಗಿರದಕ್ಷಿಣೆ ಏನೂ ಬೇಡ, ನಿಮ್ಮ ಮಗಳು ಹೋಗೋ ಖರ್ಚು ನೀವು ನೋಡ್ಕೊಳ್ಳಿ’ ಎಂದು ನಿಶ್ಚಿತಾರ್ಥಕ್ಕೂ ಮೊದಲೇ ಮಾತಾಗಿತ್ತು. ಭಾವ ಅದನ್ನು ಹುಡುಗನ ತಂದೆಯ ಖಾತೆಗೆ ಕಟ್ಟಿದ್ದರು. ಮದುವೆಯ ಮನೆಯಲ್ಲಿ ಮೂರು ದಿನ ಓಡಾಡಿದ ನನಗೆ ಇದು ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದರು. ವರದಕ್ಷಿಣೆಯ ವಿರುದ್ಧ ಇಷ್ಟು ವರ್ಷ ಬರೆದವಳ ಸ್ವಂತ ಅಕ್ಕನ ಮನೆಯಲ್ಲಿ ಅದು ಹೆಸರು ಬದಲಿಸಿಕೊಂಡು ಒಳಗೆ ಬಂದು ಹೋಗಿತ್ತು. ಇದನ್ನು ಬಚ್ಚಿಟ್ಟು ನಿಮ್ಮ ಮುಂದೆ ಬೇರೆ ವಿಷಯ ಬರೆಯಲು ಮನಸ್ಸು ಒಪ್ಪಲಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯಿದೆಯ 2ನೇ ಕಲಮನ್ನು ನಾವು ಎಷ್ಟೋ ಸಭೆಗಳಲ್ಲಿ ಓದಿ ಹೇಳಿದ್ದೇವೆ. ಮದುವೆಗೆ ಮುಂಚೆಯಾಗಲಿ, ಮದುವೆಯ ಹೊತ್ತಿನಲ್ಲಾಗಲಿ, ಆಮೇಲೆ ಯಾವಾಗಲೇ ಆಗಲಿ, ಮದುವೆಯ ಸಂಬಂಧವಾಗಿ, ನೇರವಾಗಿಯೋ ಪರೋಕ್ಷವಾಗಿಯೋ ಕೊಟ್ಟ ಅಥವಾ ಕೊಡಲು ಒಪ್ಪಿದ ಆಸ್ತಿ ಅಥವಾ ಬೆಲೆಬಾಳುವ ಪತ್ರ ವರದಕ್ಷಿಣೆಯೇ. ಅದಕ್ಕೆ ವೀಸಾ ಎಂದು ಹೆಸರಿಟ್ಟರೂ ಅಷ್ಟೇ, ಟಿಕೆಟ್ಟು ಎಂದು ಹೆಸರಿಟ್ಟರೂ ಅಷ್ಟೇ. ಎಚ್-4 ಅರ್ಜಿಯ ಶುಲ್ಕ 2023ರ ಜೂನ್‌ನಲ್ಲಿ 205 ಡಾಲರಿಗೆ ಏರಿತು. ಆಗಿನ ಲೆಕ್ಕದಲ್ಲಿ ಅದು ಹದಿನೇಳು ಸಾವಿರ ರೂಪಾಯಿಯ ಆಸುಪಾಸು. ವಿಮಾನದ ಟಿಕೆಟ್ಟು ಸೇರಿಸಿದರೂ ನಾಲ್ಕು ಲಕ್ಷದ ಹತ್ತಿರ ಬರುವುದಿಲ್ಲ. ಹಳ್ಳಿಯಲ್ಲಿ ಗಂಡಿಗೆ ಬೈಕು ಕೊಡಿಸುವ ತಂದೆಗೆ ತಾನು ಕೊಡುತ್ತಿರುವುದು ವರದಕ್ಷಿಣೆ ಎಂದು ಗೊತ್ತಿರುತ್ತದೆ. ನಮ್ಮ ಭಾವನಿಗೆ ಗೊತ್ತಿರಲಿಲ್ಲ. ‘ನೋಡಮ್ಮ, ಇದು ನಮ್ಮ ಹುಡುಗಿ ಖರ್ಚು, ಅವರಿಗೆ ಕೊಟ್ಟಿದ್ದಲ್ಲ’ ಎಂದು ಅವರು ಆ ಸಂಜೆ ನನ್ನ ಜೊತೆ ವಾದ ಮಾಡಿದರು. ವರದಕ್ಷಿಣೆ ಕೊಡುವುದೂ ಅಪರಾಧ ಎಂದು ನಾನು ಹೇಳಿದಾಗ, ‘ಪತ್ರಿಕೆ ನಡೆಸೋ ಅಭ್ಯಾಸ ಎಲ್ಲ ನಮ್ಮನೇಲಿ ಬೇಡ’ ಎಂದರು.

ಅವತ್ತು ಅರ್ಜಿ ಅಷ್ಟಕ್ಕೇ ನಿಂತಿತು. ಪೂರ್ತಿ ತುಂಬದ ಡಿಎಸ್-160 ಮೂವತ್ತು ದಿನ ಹಾಗೆಯೇ ಉಳಿದಿರುತ್ತದೆ. ಅದಕ್ಕೊಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆಯೂ ಒಂದು ಗುಟ್ಟಿನ ಪ್ರಶ್ನೆಯ ಉತ್ತರವೂ ಇದ್ದರೆ ಮತ್ತೆ ತೆರೆಯಬಹುದು. ನಮಗೆ ಬಂದ ಪ್ರಶ್ನೆ, ನಿಮ್ಮ ತಾಯಿಯ ತಾಯಿಯ ಹೆಸರೇನು ಎಂಬುದು. ಅಂದರೆ ನಮ್ಮಮ್ಮನ ಹೆಸರು. ಫೋನಿನಲ್ಲಿದ್ದ ಅಳಿಯಂದಿರಿಗೆ ಅದು ಗೊತ್ತಿರಲಿಲ್ಲ. ಹುಡುಗಿ ಸಂಖ್ಯೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಬಸ್ಸಿನಲ್ಲಿ ಬೆಂಗಳೂರಿಗೆ ಮರಳುವಾಗ ನನಗೆ ನೆನಪಾದದ್ದು 2022ರಲ್ಲಿ ನಮ್ಮ ಕಚೇರಿಗೆ ಬಂದಿದ್ದ ಒಬ್ಬ ತರುಣಿ. ಹೆಸರು, ಊರು ಬೇಡ. ಎರಡು ವರ್ಷ ಅಮೆರಿಕದಲ್ಲಿದ್ದವಳು. ತಂಗಿಯ ಮದುವೆಗೆಂದು ಗಂಡನ ಜೊತೆ ಬಂದಿದ್ದಳು. ಮದುವೆಯ ಮರುದಿನ ಗಂಡ ಅವಳನ್ನು ತವರಿನಲ್ಲೇ ಬಿಟ್ಟು, ಅವಳ ಪಾಸ್‌ಪೋರ್ಟನ್ನೂ ತನ್ನ ಚೀಲದಲ್ಲೇ ಇಟ್ಟುಕೊಂಡು ವಿಮಾನ ಹತ್ತಿದ್ದ. ‘ಅವಳ ವೀಸಾ ಮತ್ತೆ ಮಾಡಿಸಬೇಕು, ನಾನು ಅಲ್ಲಿಂದ ಕಳಿಸ್ತೀನಿ’ ಎಂದು ಮಾವನಿಗೆ ಹೇಳಿ ಹೋದವನು ಆಮೇಲೆ ಫೋನು ಎತ್ತಲಿಲ್ಲ. ಆರು ತಿಂಗಳಿಗೆ ಅಲ್ಲಿನ ನ್ಯಾಯಾಲಯದ ನೋಟೀಸು ಬಂತು.

ಅವಳು ನಮ್ಮ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸುರಿದಳು. ಅದರಲ್ಲಿ ಇದ್ದದ್ದು ಮದುವೆ ಫೋಟೋ, ಲಗ್ನಪತ್ರಿಕೆ, ಒಡವೆ ಅಂಗಡಿಯ ಎರಡು ರಸೀತಿ. ಪಾಸ್‌ಪೋರ್ಟಿನ ಸಂಖ್ಯೆ ಏನು ಎಂದರೆ ಗೊತ್ತಿಲ್ಲ. ವೀಸಾ ಯಾವ ತಾರೀಖಿನವರೆಗೆ? ಗೊತ್ತಿಲ್ಲ. ಗಂಡನ ಕಂಪನಿಗೆ ಕೊಟ್ಟ ಮಂಜೂರಾತಿ ಪತ್ರ ನೋಡಿದ್ದೀಯಾ? ‘ಅವರೇ ಎಲ್ಲ ಮಾಡಿದ್ರು ಮೇಡಂ, ನಾನು ಸಂದರ್ಶನಕ್ಕೆ ಹೋಗಿ ಬೆರಳಚ್ಚು ಕೊಟ್ಟೆ ಅಷ್ಟೆ.’ ತನ್ನ ಮನೆಯ ವಿಳಾಸ ಕೂಡ ಅವಳಿಗೆ ಪೂರ್ತಿ ಬಾರದು. ಕಾಗದ ಪತ್ರ ಅವಳ ಹೆಸರಿಗೆ ಬರುತ್ತಿರಲಿಲ್ಲ. ಎಂ.ಎಸ್ಸಿ. ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಅವಳು. ಆ ಚೀಲದಿಂದ ಶುರು ಮಾಡಿ, ಅವಳು ಯಾರು, ಎಲ್ಲಿದ್ದಳು, ಯಾವ ಹಕ್ಕಿನ ಮೇಲೆ ಇದ್ದಳು ಎಂದು ತೋರಿಸುವ ಕಾಗದ ಜೋಡಿಸಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ಇದು ಹೊಸ ಕತೆಯೇನಲ್ಲ. ನೀರಜಾ ಸರಾಫ್ ಪ್ರಕರಣದ ತೀರ್ಪನ್ನು ಸುಪ್ರೀಂ ಕೋರ್ಟು ಕೊಟ್ಟದ್ದು 1994ರಲ್ಲಿ. ಅಲ್ಲೂ ಗಂಡ ಅಮೆರಿಕದಲ್ಲಿದ್ದ ಕಂಪ್ಯೂಟರ್ ಪಂಡಿತ. ಕೆಲಸ ಬಿಟ್ಟು ಬಾ ಎಂಬ ಅವನ ಮಾತು ನಂಬಿ ಹೆಂಡತಿ ತನ್ನ ಶಿಕ್ಷಕಿ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಅವಳಿಗೆ ಬಂದದ್ದು ಮದುವೆ ರದ್ದು ಮಾಡಿ ಎಂಬ ಅರ್ಜಿ. ಭಾರತದಲ್ಲಿ ನಡೆದ ಇಂಥ ಮದುವೆಯನ್ನು ವಿದೇಶದ ನ್ಯಾಯಾಲಯ ರದ್ದು ಮಾಡುವಂತಿರಬಾರದು, ಹೆಂಡತಿಗೆ ಗಂಡನ ಆಸ್ತಿಯಲ್ಲಿ ಜೀವನಾಂಶ ಸಿಗಬೇಕು, ಇಲ್ಲಿನ ತೀರ್ಪು ಅಲ್ಲಿ ಜಾರಿಯಾಗಬೇಕು, ಇದಕ್ಕೆಲ್ಲ ಕಾನೂನು ಮಾಡಿ ಎಂದು ನ್ಯಾಯಾಲಯ ಸಲಹೆ ಕೊಟ್ಟಿತು. 2019ರ ಫೆಬ್ರವರಿಯಲ್ಲಿ ಅನಿವಾಸಿ ಭಾರತೀಯರ ವಿವಾಹ ನೋಂದಣಿ ಮಸೂದೆ ರಾಜ್ಯಸಭೆಗೆ ಬಂತು. ಮೂವತ್ತು ದಿನದಲ್ಲಿ ನೋಂದಣಿ ಆಗಬೇಕು, ಇಲ್ಲದಿದ್ದರೆ ಪಾಸ್‌ಪೋರ್ಟು ಮುಟ್ಟುಗೋಲು ಎಂದೆಲ್ಲ ಅದರಲ್ಲಿತ್ತು. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಇದಕ್ಕೊಂದು ಸಮಗ್ರ ಕಾನೂನು ಬೇಕು ಎಂದು ಮತ್ತೆ ಬರೆಯಬೇಕಾಯಿತು. ಮೊದಲ ಸಲಹೆಯಿಂದ ಆ ವರದಿಗೆ ಮೂವತ್ತು ವರ್ಷ. ಅಷ್ಟರಲ್ಲಿ ಒಬ್ಬಳು ಹುಟ್ಟಿ, ಬೆಳೆದು, ಓದಿ, ಮದುವೆಯಾಗಿ, ಕೈಬಿಡಿಸಿಕೊಂಡು ತವರಿಗೂ ಬಂದಿರುತ್ತಾಳೆ.

ಎಚ್-4 ಎಂಬ ವೀಸಾವನ್ನೇ ಸ್ವಲ್ಪ ನೋಡಿ. ಕಾನೂನಿನ ಭಾಷೆಯಲ್ಲಿ ಅದು ಅವಲಂಬಿತರ ವೀಸಾ. ಗಂಡನ ಎಚ್-1ಬಿ ಇರುವಷ್ಟು ದಿನ, ಅವನ ಹೆಂಡತಿಯಾಗಿರುವಷ್ಟು ದಿನ ಮಾತ್ರ ಅದಕ್ಕೆ ಜೀವ. ವಿಚ್ಛೇದನವಾದರೆ ಅಲ್ಲಿಗೆ ಮುಗಿಯಿತು. ಓದಬಹುದು, ದುಡಿಯುವಂತಿಲ್ಲ. ಅಲ್ಲಿನ ಎಲ್ಲ ವ್ಯವಹಾರಕ್ಕೂ ಕೇಳುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೆಲಸದ ಪರವಾನಗಿ ಇಲ್ಲದವಳಿಗೆ ಸಿಗುವುದಿಲ್ಲ. 2015ರ ಮೇ 26ರಿಂದ ಕೆಲವರಿಗೆ ಕೆಲಸದ ಪರವಾನಗಿ ಕೊಡಲು ಶುರು ಮಾಡಿದರು. ಆದರೆ ಅದೂ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ: ಗಂಡನ ಅವಧಿಯನ್ನು ಕಂಪನಿ ವಿಸ್ತರಿಸಿದರೆ ಹೆಂಡತಿಯದು ತಾನಾಗಿ ವಿಸ್ತರಣೆಯಾಗುವುದಿಲ್ಲ. ಅಲ್ಲೇ ಇದ್ದುಕೊಂಡು ಮುಂದುವರಿಸಬೇಕಾದರೆ ಐ-539 ಎಂಬ ಬೇರೆ ಅರ್ಜಿಗೆ ಅವಳೇ ಸಹಿ ಹಾಕಬೇಕು. ಆ ಒಂದು ಅರ್ಜಿ ಹಾಕದೆ ಸುಮ್ಮನಿದ್ದರೆ ಸಾಕು, ಹೆಂಡತಿ ಅವಳಿಗೇ ಗೊತ್ತಿಲ್ಲದೆ ಆ ದೇಶದಲ್ಲಿ ಅಕ್ರಮವಾಗಿ ಉಳಿದವಳಾಗುತ್ತಾಳೆ. ಆಮೇಲೆ ‘ಪೊಲೀಸರಿಗೆ ಹೇಳಿದ್ರೆ ನಿನ್ನನ್ನೇ ಹಿಡ್ಕೊಂಡು ಹೋಗ್ತಾರೆ’ ಎಂದು ಹೆದರಿಸುವುದು ಸುಲಭ.

ಈ ಬೆದರಿಕೆ ಪೂರ್ತಿ ನಿಜವಲ್ಲ ಎಂದು ನಮ್ಮ ಹುಡುಗಿಯರಿಗೆ ಹೊರಡುವ ಮುಂಚೆಯೇ ಹೇಳಿ ಕಳಿಸಬೇಕು. ಹೊಡೆಯುವ ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ ಅವನ ಸಹಾಯವಿಲ್ಲದೆ ತಾನೇ ಅರ್ಜಿ ಹಾಕುವ ದಾರಿಯನ್ನು 1994ರ ಕಾಯಿದೆ ತೆರೆಯಿತು. ಎಚ್-4 ಹೆಂಡತಿಗೆ ಆ ದಾರಿಯಿಲ್ಲ. ಆದರೆ ಗಂಡನ ಹಿಂಸೆಗೆ ಒಳಗಾದವಳಿಗೆ ಕೆಲಸದ ಪರವಾನಗಿ ಕೊಡಬಹುದೆಂದು ಅಲ್ಲಿನ ಸಂಸತ್ತು 2005ರಲ್ಲಿ ಕಾನೂನು ಮಾಡಿತು. ಆ ಅರ್ಜಿ ತೆಗೆದುಕೊಳ್ಳಲು ಶುರುವಾದದ್ದು 2017ರಲ್ಲಿ. ಕಾನೂನಿಗೂ ಅರ್ಜಿ ನಮೂನೆಗೂ ನಡುವೆ ಹನ್ನೆರಡು ವರ್ಷ. ವಿಳಂಬದಲ್ಲಿ ನಮ್ಮ ಸರ್ಕಾರ ಮಾತ್ರ ನಿಸ್ಸೀಮ ಎಂದುಕೊಳ್ಳುವವರು ಇದನ್ನೂ ನೋಡಬೇಕು. 2000ದ ಕಾಯಿದೆಯಿಂದ ಬಂದ ಯು ವೀಸಾ ಎಂಬುದೂ ಇದೆ. ಅಪರಾಧಕ್ಕೆ ಬಲಿಯಾಗಿ ಪೊಲೀಸರ ತನಿಖೆಗೆ ನೆರವಾದವರಿಗೆ ಅದು. ವರ್ಷಕ್ಕೆ ಹತ್ತು ಸಾವಿರದ ಮಿತಿ ಇರುವುದರಿಂದ ಅದರ ಸಾಲು ಬಹಳ ಉದ್ದ. ಅಲ್ಲಿನ ನಮ್ಮ ಹೆಣ್ಣುಮಕ್ಕಳು ಕಟ್ಟಿದ ಸಂಘಟನೆಗಳು ಹಳೆಯವು: ನ್ಯೂಜೆರ್ಸಿಯ ಮಾನವಿ 1985ರದು, ನ್ಯೂಯಾರ್ಕಿನ ಸಖಿ 1989ರದು, ಕ್ಯಾಲಿಫೋರ್ನಿಯಾದ ಮೈತ್ರಿ 1991ರದು, ನಾರಿಕಾ 1992ರದು. ಹಗಲೂ ರಾತ್ರಿ ಉತ್ತರ ಕೊಡುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1-800-799-7233. ಇದನ್ನು ಫೋನಿನಲ್ಲಿ ಬರೆದಿಟ್ಟರೆ ಗಂಡ ನೋಡುತ್ತಾನೆ ಎಂಬ ಭಯವಿದ್ದವರು ಅಡುಗೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.

ಕರಾವಳಿಯ ಗೆಳತಿಯರು ಇದನ್ನು ಓದಿ, ‘ನಮ್ಮದು ಗಲ್ಫಿನ ಕತೆ, ಅಮೆರಿಕ ನಮಗ್ಯಾಕೆ’ ಎನ್ನಬಹುದು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ದುಬೈ ತುಮಕೂರಿಗಿಂತ ಹತ್ತಿರ. ಅಲ್ಲಿ ಹೆಂಡತಿಯ ವಾಸದ ವೀಸಾಕ್ಕೆ ಗಂಡನೇ ಪ್ರಾಯೋಜಕ. ನಿಕಾಹನಾಮೆಯೋ ಮದುವೆ ಪ್ರಮಾಣಪತ್ರವೋ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ ಎಂದು ಮೂರು ಕಡೆ ಮೊಹರು ಹಾಕಿಸಿಕೊಂಡು ಬರಬೇಕು. ಹೀಗೆ ಇಷ್ಟು ಕಷ್ಟಪಟ್ಟು ಪಡೆದ ವಾಸದ ಹಕ್ಕು, 180 ದಿನಕ್ಕಿಂತ ಹೆಚ್ಚು ಕಾಲ ಯು.ಎ.ಇ.ಯಿಂದ ಹೊರಗಿದ್ದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಈಗ ಯೋಚಿಸಿ: ಏಳನೇ ತಿಂಗಳಿಗೆ ಹೆಂಡತಿಯನ್ನು ಹೆರಿಗೆಗೆ ಊರಿಗೆ ಕಳಿಸುತ್ತಾನೆ. ಹೆರಿಗೆ, ಬಾಣಂತನ, ಮಗುವಿನ ನಾಮಕರಣ, ಮಗುವಿಗೆ ಪಾಸ್‌ಪೋರ್ಟು. ಆರು ತಿಂಗಳು ಕಳೆಯಲು ಬೇರೆ ಹುನ್ನಾರವೇ ಬೇಕಿಲ್ಲ. ‘ಇನ್ನೊಂದು ತಿಂಗಳು ಇರು, ಟಿಕೆಟ್ ಕಳಿಸ್ತೇನೆ’ ಎಂಬ ಒಂದು ಮಾತು ಸಾಕು. ತವರಿನವರು ಮಗಳು ಇನ್ನೊಂದು ತಿಂಗಳು ಇರುತ್ತಾಳೆಂದು ಸಂತೋಷಪಡುತ್ತಾರೆ. 2018ರಲ್ಲಿ ಯು.ಎ.ಇ. ಸರ್ಕಾರ ವಿಧವೆಯರಿಗೂ ವಿಚ್ಛೇದಿತೆಯರಿಗೂ ಪ್ರಾಯೋಜಕರಿಲ್ಲದೆ ಒಂದು ವರ್ಷ ಉಳಿಯಲು ಅವಕಾಶ ಕೊಟ್ಟಿತು. ಅಲ್ಲೇ ಇದ್ದವಳಿಗೆ ಅದರಿಂದ ಉಪಯೋಗ. ಬಾಣಂತನಕ್ಕೆ ಬಂದು ಮೂಡಬಿದಿರೆಯಲ್ಲೋ ಕುಂದಾಪುರದಲ್ಲೋ ಫೋನು ಕಾಯುತ್ತ ಕೂತವಳಿಗೆ ಏನು ಉಪಯೋಗ?

ಬ್ರಿಟನ್ನಿನದು ಇನ್ನೊಂದು ಬಗೆ. ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿ ನೆಲೆಸಿದ ಗಂಡ ಇಷ್ಟು ಸಂಪಾದಿಸಲೇಬೇಕೆಂಬ ನಿಯಮ ಇದೆ. 2012ರಿಂದ ವರ್ಷಕ್ಕೆ 18,600 ಪೌಂಡ್ ಇದ್ದದ್ದು 2024ರ ಏಪ್ರಿಲ್‌ನಲ್ಲಿ 29,000ಕ್ಕೆ ಏರಿತು. ಅವನ ಸಂಬಳದ ಚೀಟಿ, ಬ್ಯಾಂಕಿನ ವಿವರ ಸೇರಿಸಿದರೇ ಅರ್ಜಿ ಪೂರ್ಣ. ಬಂದ ಹೆಂಡತಿಗೆ ಸರ್ಕಾರದ ನೆರವು ಏನೂ ಇಲ್ಲ ಎಂದು ವೀಸಾದ ಮೇಲೆಯೇ ಷರತ್ತು. ಅಂದರೆ ಮನೆ ಬಿಟ್ಟು ಬಂದವಳಿಗೆ ಆಶ್ರಯಧಾಮದ ಖರ್ಚು ಕೊಡುವವರಿಲ್ಲ. 1979ರಲ್ಲಿ ಶುರುವಾದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿತು. ಅದರ ಫಲವಾಗಿ 2012ರಲ್ಲಿ ಇಂಥವರಿಗೆ ಮೂರು ತಿಂಗಳ ರಿಯಾಯಿತಿ ಬಂತು. 2024ರ ಫೆಬ್ರವರಿಯಲ್ಲಿ ಅದನ್ನು ಕೆಲಸದ ವೀಸಾ, ವಿದ್ಯಾರ್ಥಿ ವೀಸಾದವರ ಸಂಗಾತಿಗಳಿಗೂ ವಿಸ್ತರಿಸಿದರು. ಮೂರು ತಿಂಗಳಲ್ಲಿ ಏನು ತಾನೇ ಮಾಡಲಾದೀತು ಎನ್ನಬೇಡಿ. ಒಂದು ರಾತ್ರಿಗೆ ಮಲಗಲು ಜಾಗವಿಲ್ಲದೆ ಹೊಡೆಯುವವನ ಮನೆಗೇ ಮರಳಿದವರನ್ನು ಕೇಳಬೇಕು.

ಹೀಗಿರುವಾಗ ನಾವು ಇಲ್ಲಿ ಏನು ಮಾಡಬಹುದು? ಆ ದೇಶಗಳ ಕಾನೂನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಅರ್ಜಿ ತಯಾರಾಗುವುದು ಇಲ್ಲಿ, ನಮ್ಮ ಮನೆಯ ಟೀಪಾಯಿಯ ಮೇಲೆ. ಒಂದು ಹೆಣ್ಣಿನ ಬದುಕಿನ ಕಾಗದಗಳೆಲ್ಲ ಒಂದೇ ಕಡೆ ಸೇರುವುದು ವೀಸಾ ಕಡತದಲ್ಲಿ. ಅವಳದಷ್ಟೇ ಅಲ್ಲ, ಗಂಡನದೂ ಅಲ್ಲಿರುತ್ತದೆ. ಎಚ್-4 ಆದರೆ ಅವನ ಐ-797 ಮಂಜೂರಾತಿ ಪತ್ರ, ಕಂಪನಿಯ ಹೆಸರು, ಸಂಬಳದ ಚೀಟಿ, ಮನೆ ವಿಳಾಸ, ಪಾಸ್‌ಪೋರ್ಟಿನ ಪ್ರತಿ. ಮುಂದೊಂದು ದಿನ ಜೀವನಾಂಶದ ಮೊಕದ್ದಮೆ ಹಾಕಬೇಕಾಗಿ ಬಂದರೆ ಇವಿಷ್ಟನ್ನು ಹುಡುಕಲು ವಕೀಲರಿಗೆ ವರ್ಷ ಹಿಡಿಯುತ್ತದೆ. ಈಗ, ಮದುವೆಯ ಸಡಗರದಲ್ಲಿ, ಅದೆಲ್ಲ ಕೇಳದೆಯೇ ಕೈಗೆ ಬಂದು ಬೀಳುತ್ತದೆ. ಬರುವಾಗ ಒಂದೊಂದು ಪ್ರತಿ ತೆಗೆದಿಟ್ಟುಕೊಳ್ಳಿ. ಒಂದು ಅವಳ ಬಳಿ, ಒಂದು ತವರಿನಲ್ಲಿ, ಒಂದು ಅವಳಿಗೊಬ್ಬಳಿಗೇ ಗೊತ್ತಿರುವ ಇ-ಮೇಲಿನಲ್ಲಿ. ಇದನ್ನು ಅನುಮಾನ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಸೈಟು ಕೊಳ್ಳುವಾಗ ಪತ್ರದ ನಕಲು ಇಟ್ಟುಕೊಳ್ಳುವುದು ಮಾರುವವನ ಮೇಲಿನ ಅನುಮಾನದಿಂದಲೇ?

ಗಂಡ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿದ್ದರೆ ಆ ಕಡತದಲ್ಲಿ ಐ-864 ಎಂಬ ಒಂದು ಪ್ರಮಾಣಪತ್ರ ಇರುತ್ತದೆ. ಇವಳನ್ನು ಅಲ್ಲಿನ ಬಡತನದ ಗೆರೆಯ ಶೇಕಡ 125ರ ಮಟ್ಟದಲ್ಲಿ ನೋಡಿಕೊಳ್ಳುತ್ತೇನೆ ಎಂದು ಗಂಡ ಆ ಸರ್ಕಾರಕ್ಕೆ ಬರೆದುಕೊಡುವ ಮಾತು ಅದು. ವಿಚ್ಛೇದನವಾದರೂ ಆ ಮಾತು ಬಿದ್ದುಹೋಗುವುದಿಲ್ಲ. ಹೆಂಡತಿ ಅದರ ಮೇಲೆ ಅಲ್ಲಿನ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕೆ ಹೆಂಡತಿಯ ಸಹಿ ಬೇಕಿಲ್ಲ. ಹಾಗಾಗಿ ಅದರ ಪ್ರತಿ ಅವಳ ಕಣ್ಣಿಗೆ ಬೀಳದಿರುವುದೂ ಉಂಟು. ಕೇಳಿ ಪಡೆದುಕೊಳ್ಳಬೇಕು. ಅವಳ ಗ್ರೀನ್ ಕಾರ್ಡು, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಸಿಕ್ಕಿದ್ದರೆ, ಎರಡೇ ವರ್ಷದ್ದು. ಅದನ್ನು ಕಾಯಂ ಮಾಡಿಸಲು ಗಂಡ ಹೆಂಡತಿ ಸೇರಿ ಐ-751 ಹಾಕಬೇಕು. ಹಿಂಸೆಗೆ ಒಳಗಾದವಳು ಒಬ್ಬಳೇ ಹಾಕಬಹುದೆಂದು 1990ರಲ್ಲೇ ಕಾನೂನಿಗೆ ತಿದ್ದುಪಡಿ ಆಗಿದೆ. ಎರಡು ವರ್ಷ ಹಲ್ಲು ಕಚ್ಚಿಕೊಂಡಿರು ಎಂದು ಮಗಳಿಗೆ ಹೇಳುವ ತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಸರಿನ ವಿಷಯಕ್ಕೆ ಒಂದು ಮಾತು. ನಮ್ಮ ಕಡೆ ಹೆಸರಿನ ಮುಂದೆಯೋ ಹಿಂದೆಯೋ ಊರಿನದೊಂದು, ಅಪ್ಪನದೊಂದು ಅಕ್ಷರ ಇದ್ದರೆ ಆಯಿತು. ಅಮೆರಿಕದ ಅರ್ಜಿಗೆ ಕುಲನಾಮ ಬೇರೆ, ಕೊಟ್ಟ ಹೆಸರು ಬೇರೆ ಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನು ಕುಲನಾಮದ ಜಾಗಕ್ಕೆ ಹಾಕಿ, ಇನ್ನೊಂದು ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚು ಹಾಕುತ್ತಾರೆ. ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಈ ತೊಡಕನ್ನೇ ನೆವ ಮಾಡಿಕೊಂಡು ಗಂಡನ ಹೆಸರನ್ನು ಪಾಸ್‌ಪೋರ್ಟಿಗೆ ಸೇರಿಸಿ ಎಂದು ಒತ್ತಾಯಿಸುವ ಮನೆಗಳಿವೆ. ಯಾವ ಕಾನೂನೂ ಹಾಗೆ ಹೇಳುವುದಿಲ್ಲ. ಓದಿದ ಪ್ರಮಾಣಪತ್ರಗಳಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರಾದರೆ ನಾಳೆ ಕೆಲಸ ಹುಡುಕುವಾಗ ಪರದಾಡುವವಳು ಅವಳೇ. ಅಪ್ಪನ ಹೆಸರನ್ನೇ ಪೂರ್ತಿ ಬಿಡಿಸಿ ಕುಲನಾಮದ ಜಾಗಕ್ಕೆ ಹಾಕಿಸಿಕೊಳ್ಳಬಹುದು. ಪಾಸ್‌ಪೋರ್ಟಿಗೆ ಮದುವೆ ಪ್ರಮಾಣಪತ್ರ ಕೊಡಲೇಬೇಕೆಂಬ ನಿಯಮವನ್ನು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ಕೈಬಿಟ್ಟಿತು. ಇನ್ನು ಆ ಪಾಸ್‌ಪೋರ್ಟು ಯಾರ ಕೈಯಲ್ಲಿರಬೇಕು? 1967ರ ಕಾಯಿದೆಯ 17ನೇ ಕಲಮಿನಂತೆ ಅದು ಭಾರತ ಸರ್ಕಾರದ ಸ್ವತ್ತು. ಅತ್ತೆಯ ಬೀರುವಿನಲ್ಲಿ ಇಡಲು ಕೊಟ್ಟದ್ದಲ್ಲ.

ಮದುವೆಯಲ್ಲಿ ಕೊಟ್ಟದ್ದರ ಪಟ್ಟಿ ಬರೆದು ಇಬ್ಬರ ಸಹಿ ಹಾಕಿಸಿ ಇಡಬೇಕೆಂದು 1985ರ ನಿಯಮ ಹೇಳುತ್ತದೆ. ಅದರ ಪ್ರತಿಯೂ ಈ ಕಡತದಲ್ಲೇ ಇರಲಿ. ಹೆಂಡತಿಯನ್ನು ಇಲ್ಲಿ ಬಿಟ್ಟು ಅಲ್ಲಿ ವಿಚ್ಛೇದನ ತಂದವರಿಗೆ 1991ರ ನರಸಿಂಹರಾವ್ ಪ್ರಕರಣದ ತೀರ್ಪು ಅಡ್ಡ ಬರುತ್ತದೆ. ಅವಳು ಒಪ್ಪಿ ಹಾಜರಾಗದ, ನಮ್ಮ ವಿವಾಹ ಕಾನೂನಿನಲ್ಲಿಲ್ಲದ ಕಾರಣಕ್ಕೆ ಕೊಟ್ಟ ವಿದೇಶಿ ತೀರ್ಪಿಗೆ ಇಲ್ಲಿ ಮಾನ್ಯತೆಯಿಲ್ಲ. ಆದ್ದರಿಂದ ಇಂಗ್ಲಿಷಿನ ನೋಟೀಸು ಬಂದ ಕೂಡಲೇ ಹೆದರಿ ಸಹಿ ಹಾಕಿ ಕಳಿಸಬೇಡಿ. ಮೊದಲು ವಕೀಲರಿಗೆ ತೋರಿಸಿ. ಹಿಂಸೆ ನಡೆದದ್ದು ಬೇರೆ ಕಡೆಯಾದರೂ ಅವಳು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟು ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಆಗಿನ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮುಗಳಿವೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಅನಿವಾಸಿ ಮದುವೆಗಳ ದೂರಿಗೆಂದೇ ಒಂದು ವಿಭಾಗ ಇದೆ.

ಇನ್ನೊಂದು ವೀಸಾ ಉಂಟು. ಅದರ ಬಗ್ಗೆ ನಾವು ಯೋಚಿಸುವುದೇ ಇಲ್ಲ. ತಾಯಿಯದು. ಮೊದಲು ಮಗಳು ಬಾಣಂತನಕ್ಕೆ ತವರಿಗೆ ಬರುತ್ತಿದ್ದಳು. ಆಗ ಮೈಮೇಲಿನ ಗುರುತನ್ನು ಎಣ್ಣೆ ನೀರು ಹಾಕುವ ಅಮ್ಮನ ಕಣ್ಣಿನಿಂದ ಮುಚ್ಚಿಡಲು ಆಗುತ್ತಿರಲಿಲ್ಲ. ಈಗ ತವರೇ ಖಾರದ ಪುಡಿ, ಬಾಣಂತಿ ಲೇಹ್ಯ ಕಟ್ಟಿಕೊಂಡು ವಿಮಾನ ಹತ್ತಬೇಕಾಗಿದೆ. ಆ ಪ್ರವಾಸಿ ವೀಸಾದ ಅರ್ಜಿಯಲ್ಲೂ ಅದೇ ಪ್ರಶ್ನೆಗಳು: ಯಾರನ್ನು ನೋಡಲು, ಖರ್ಚು ಯಾರದು. ತುಂಬುವವನು ಅಳಿಯ. ಎಷ್ಟು ದಿನ ಇರಬಹುದೆಂದು ವಿಮಾನ ನಿಲ್ದಾಣದ ಅಧಿಕಾರಿ ಹಾಕುವ ತಾರೀಖನ್ನು, ಸಾಮಾನ್ಯವಾಗಿ ಆರು ತಿಂಗಳವರೆಗಿನದನ್ನು, ನೋಡಿ ಹೇಳುವವನೂ ಅವನೇ. ಅಲ್ಲಿ ಹೋದ ತಾಯಂದಿರು ದಿನವಿಡೀ ಅಡುಗೆ, ಮಗು, ಬಟ್ಟೆ ಎಂದು ದುಡಿದು ಬರುತ್ತಾರೆ ಎಂಬುದು ಬೇರೆ ಮಾತು. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು. ನಾನು ಹೇಳುವುದು, ಅಳಿಯ ಕರೆಸಿಕೊಂಡಾಗ ಹೋಗುವ ತಾಯಿ ಬೇರೆ, ಮಗಳು ಕರೆದಾಗ ಹೋಗಬಲ್ಲ ತಾಯಿ ಬೇರೆ. ಎರಡನೆಯವಳಿಗೆ ತನ್ನದೇ ಪಾಸ್‌ಪೋರ್ಟು ಬೇಕು, ತನ್ನ ಕೈಯಲ್ಲಿ ಸ್ವಲ್ಪ ದುಡ್ಡು ಬೇಕು.

ತುಮಕೂರಿನ ಮಾತಿಗೆ ಬರುತ್ತೇನೆ. ಮೂರು ವಾರ ಭಾವ ನನ್ನೊಂದಿಗೆ ಮಾತಾಡಲಿಲ್ಲ. ಮಾತಾಡಿದವಳು ಹುಡುಗಿಯೇ. ಗಂಡನಿಗೆ ಫೋನು ಮಾಡಿ, ‘ಸಹಿ ಹಾಕೋಳು ನಾನು, ಸುಳ್ಳು ಬರೆದು ಹಾಕೋದಿಲ್ಲ’ ಎಂದಳಂತೆ. ಅವನಿಗೆ ಈ ನಾಲ್ಕು ಲಕ್ಷದ ವಿಷಯ ಪೂರ್ತಿ ಗೊತ್ತಿರಲಿಲ್ಲ ಎನ್ನುತ್ತಾನೆ. ಇರಬಹುದು. ಟಿಕೆಟ್ಟನ್ನು ಅವನೇ ತೆಗೆದುಕೊಳ್ಳುವುದಾಗಿ ಹೇಳಿ ಹಾಗೇ ಮಾಡಿದ. ಅದಕ್ಕೇ ‘ಗಂಡ’ ಎಂದು ಬರೆದದ್ದು ಈಗ ನಿಜವಾಯಿತು. ವರದಕ್ಷಿಣೆಯಾಗಿ ಬಂದದ್ದನ್ನು ಮೂರು ತಿಂಗಳೊಳಗೆ ಹೆಂಡತಿಗೆ ಒಪ್ಪಿಸಬೇಕೆಂಬ 6ನೇ ಕಲಮನ್ನು ನಾನು ಬರೆದುಕೊಟ್ಟಿದ್ದೆ. ಬೀಗರ ಮನೆಯಲ್ಲಿ ಅದನ್ನು ಯಾರು ಓದಿದರೋ ಕಾಣೆ. ಎರಡೂವರೆ ಲಕ್ಷ ಹುಡುಗಿಯ ಹೆಸರಿನ ಠೇವಣಿಯಾಗಿ ಬಂದಿದೆ. ಉಳಿದದ್ದು ಇನ್ನೂ ಬರಬೇಕು.

ಅರ್ಜಿಯನ್ನು ಅವಳೇ ತೆರೆದು, ಅಜ್ಜಿಯ ಹೆಸರು ಹಾಕಿ, ಇ-ಮೇಲ್ ವಿಳಾಸ ಅಳಿಸಿ ತನ್ನದನ್ನು ಬರೆದು ಮುಗಿಸಿದಳು. ಕೊನೆಯ ಪುಟದಲ್ಲಿ, ಸಹಿಗೆ ಮುಂಚೆ, ಇನ್ನೊಂದು ಪ್ರಶ್ನೆ ಇದೆ: ಈ ಅರ್ಜಿ ತುಂಬಲು ಯಾರಾದರೂ ನೆರವಾದರೇ? ‘ನಿನ್ನ ಹೆಸರು ಹಾಕ್ಲಾ ಚಿಕ್ಕಮ್ಮ?’ ಎಂದು ಫೋನು ಮಾಡಿ ನಕ್ಕಳು. ಹಾಕು ಎಂದೆ.

ಹೋದ ವಾರ ಅಕ್ಕ ನಮ್ಮ ಕಚೇರಿಗೆ ಬಂದಳು. ಇಷ್ಟು ವರ್ಷದಲ್ಲಿ ಇದೇ ಮೊದಲು. ಬೆಂಚಿನ ಮೇಲೆ ಕೂತು, ಗೋಡೆಯ ಭಿತ್ತಿಪತ್ರಗಳನ್ನೆಲ್ಲ ಓದಿ, ಆಮೇಲೆ ‘ನಂದೂ ಒಂದು ಪಾಸ್‌ಪೋರ್ಟ್ ಮಾಡಿಸ್ಬಿಡೆ’ ಎಂದಳು. ಅವಳ ಹುಟ್ಟಿದ ತಾರೀಖಿನ ಪ್ರಮಾಣಪತ್ರ ಯಾರ ಬಳಿಯೂ ಇಲ್ಲ. ಎಂಟನೇ ತರಗತಿಯವರೆಗೆ ಓದಿದ ಶಾಲೆಯ ವರ್ಗಾವಣೆ ಪತ್ರ ಇದ್ದರೂ ನಡೆಯುತ್ತದೆ. ಶಾಲೆ ಗುಬ್ಬಿಯ ಹತ್ತಿರ. ಬರುವ ಸೋಮವಾರ ಇಬ್ಬರೂ ಹೋಗುತ್ತಿದ್ದೇವೆ.